ಪಾಲನೆ, ಸಂಸ್ಕಾರ ಮತ್ತು ಅಸ್ಮಿತೆ

ಮನೆ, ಕೇರಿ, ಶಾಲೆ, ಮನೆಮಾತು, ಜಾತಿ, ಧರ್ಮ, ಒಡನಾಡಿಗಳು ಮಗುವಿನಲ್ಲಿ ‘ನಾನು ಯಾರು’ ಎಂಬ ಅರಿವನ್ನು ಹೇಗೆ ಮೂಡಿಸುತ್ತವೆ ಎಂಬುದು ಮನೋವಿಜ್ಞಾನ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಶಿಕ್ಷಣಶಾಸ್ತ್ರಗಳು ಒಟ್ಟಾಗಿ ಅಧ್ಯಯನ ಮಾಡುವ ವಿಷಯ. ಮಗು ಹುಟ್ಟುವಾಗ ಅದಕ್ಕೆ ಹೆಸರಿಲ್ಲ, ಭಾಷೆಯಿಲ್ಲ, ಕುಲದ ಹೆಮ್ಮೆಯಾಗಲಿ ಹಿಂಜರಿಕೆಯಾಗಲಿ ಇಲ್ಲ. ಐದಾರು ವರ್ಷ ಕಳೆಯುವಷ್ಟರಲ್ಲಿ ಇವೆಲ್ಲ ಅದರ ಮೈಮನಸ್ಸಿನಲ್ಲಿ ಎಷ್ಟು ಬೇರೂರಿರುತ್ತವೆಂದರೆ, ಕಲಿತದ್ದು ಯಾವುದು, ಹುಟ್ಟಿನಿಂದ ಬಂದದ್ದು ಯಾವುದು ಎಂದು ಮಗುವಿಗೂ ತಿಳಿಯದು, ಬೆಳೆಸಿದವರಿಗೂ ತಿಳಿಯದು. ಕಲಿಸಿದ್ದು ಹೀಗೆ ಸಹಜಗುಣದಂತೆ ತೋರುವುದೇ ಪಾಲನೆಯ ನಿಜವಾದ ಬಲ. ಅದರಿಂದ ಮನುಷ್ಯನಿಗೆ ನೆಲೆ ಸಿಗುತ್ತದೆ. ಮೇಲುಕೀಳು, ಭಯ, ಹಗೆತನಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದೂ ಇದೇ ದಾರಿಯಲ್ಲಿ.

ಪರಿಕಲ್ಪನೆ

ಅಸ್ಮಿತೆಗೆ ಎರಡು ಮುಖಗಳಿವೆ. ನನ್ನ ಸ್ವಭಾವ, ನನ್ನ ಆಸೆ, ನನ್ನ ಬದುಕಿನ ಕಥೆ ಎಂಬುದು ವೈಯಕ್ತಿಕ ಮುಖ. ನಾನು ಇಂಥ ಊರಿನವಳು, ಇಂಥ ಮನೆತನದವಳು, ಇಂಥ ಭಾಷೆಯವಳು ಎಂಬುದು ಸಾಮಾಜಿಕ ಮುಖ. ನಮ್ಮ ಹಳ್ಳಿಗಳಲ್ಲಿ ಅಪರಿಚಿತ ಹುಡುಗನನ್ನು ಕಂಡ ಹಿರಿಯರು ಹೆಸರಿಗಿಂತ ಮೊದಲು ಕೇಳುವುದು ‘ಯಾರ ಮಗನಪ್ಪಾ ನೀನು?’ ಎಂದು. ಆ ಪ್ರಶ್ನೆಗೆ ಉತ್ತರ ಹೇಳುತ್ತಾ ಹೇಳುತ್ತಾ ಹುಡುಗ ತನ್ನ ಜಾಗ ಯಾವುದೆಂದು ತಿಳಿದುಕೊಳ್ಳುತ್ತಾನೆ.

ಪಾಲನೆಯೂ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಬುದ್ಧಿ ಹೇಳುವುದು, ಶ್ಲೋಕ ಕಲಿಸುವುದು, ಶಾಲೆಗೆ ಕಳಿಸುವುದು, ನಾಮಕರಣ, ಅಕ್ಷರಾಭ್ಯಾಸ, ಉಪನಯನ, ದೀಕ್ಷೆ ಮೊದಲಾದ ವಿಧಿಗಳು ತಿಳಿದು ಮಾಡುವಂಥವು. ಎರಡನೆಯದು ಯಾರೂ ಕಲಿಸುತ್ತಿದ್ದೇವೆಂದು ಅಂದುಕೊಳ್ಳದೆ ಕಲಿಸುವಂಥದ್ದು. ಕೆಲಸದಾಕೆಗೆ ಯಾವ ಲೋಟದಲ್ಲಿ ಕಾಫಿ, ಮೊದಲು ಉಣ್ಣುವವರು ಯಾರು, ಯಾರು ಬಂದಾಗ ಅಮ್ಮ ದನಿ ತಗ್ಗಿಸುತ್ತಾಳೆ, ಯಾರ ಮನೆಯಲ್ಲಿ ಆಡಿ ಬಂದರೆ ಕೈಕಾಲು ತೊಳೆಯಲು ಹೇಳುತ್ತಾರೆ ಎಂಬುದನ್ನೆಲ್ಲ ಮಗು ಕಣ್ಣಿಟ್ಟು ನೋಡುತ್ತಿರುತ್ತದೆ. ಮಾತಿನಲ್ಲಿ ಹೇಳಿದ ಪಾಠವನ್ನು ಮುಂದೆ ಪ್ರಶ್ನಿಸಬಹುದು; ಮಾತಿಲ್ಲದೆ ಕಲಿತದ್ದನ್ನು ಪ್ರಶ್ನಿಸುವುದು ಕಷ್ಟ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಇದನ್ನು ‘ಹ್ಯಾಬಿಟಸ್’ ಎಂದು ಕರೆದ. ಕೂರುವ ಭಂಗಿ, ನಡೆಯುವ ಠೀವಿ, ಮಾತಿನ ಧಾಟಿ, ರುಚಿ ಇವುಗಳಲ್ಲಿ ಇಡೀ ವರ್ಗದ ಚರಿತ್ರೆ ಅಡಗಿರುತ್ತದೆ ಎಂಬುದು ಅವನ ಸಿದ್ಧಾಂತ. ಪೀಟರ್ ಬರ್ಜರ್ ಮತ್ತು ಥಾಮಸ್ ಲುಕ್‌ಮನ್ 1966ರ ತಮ್ಮ ಗ್ರಂಥದಲ್ಲಿ ಮನೆಯಲ್ಲಿ ನಡೆಯುವ ಪ್ರಾಥಮಿಕ ಸಾಮಾಜೀಕರಣವನ್ನು ಶಾಲೆ, ಉದ್ಯೋಗಗಳಲ್ಲಿ ನಡೆಯುವ ದ್ವಿತೀಯಕ ಸಾಮಾಜೀಕರಣದಿಂದ ಬೇರೆ ಮಾಡಿದರು. ಮಗುವಿಗೆ ತನ್ನ ಮನೆಯ ಲೋಕ ಹಲವು ಲೋಕಗಳಲ್ಲಿ ಒಂದೆಂದು ಗೊತ್ತಿರುವುದಿಲ್ಲ. ಅದಕ್ಕೆ ಇರುವುದು ಅದೊಂದೇ ಲೋಕ. ಆದ್ದರಿಂದ ಮೊದಲನೆಯದರ ಹಿಡಿತ ಹೆಚ್ಚು ಗಟ್ಟಿ.

ವಿಚಾರ ಬೆಳೆದ ಬಗೆ

ಮನಸ್ಸು ಹುಟ್ಟಿನಲ್ಲಿ ಬರೆಯದ ಹಾಳೆಯೆಂದು 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ವಾದಿಸಿದ. ಮಗು ಹುಟ್ಟಿನಿಂದ ಒಳ್ಳೆಯದೇ, ಸಮಾಜ ಅದನ್ನು ಕೆಡಿಸುತ್ತದೆ ಎಂದು 1762ರಲ್ಲಿ ಪ್ರಕಟವಾದ ‘ಎಮಿಲ್’ ಕೃತಿಯಲ್ಲಿ ರೂಸೋ ಬರೆದ. ಪ್ರಯೋಗಾಲಯದ ಅಧ್ಯಯನ ಬಲ ಪಡೆದದ್ದು 20ನೇ ಶತಮಾನದಲ್ಲಿ. ರಷ್ಯದ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಅನುಬಂಧನ, ಅಂದರೆ ಕಂಡೀಷನಿಂಗ್, ಎಂಬ ಪರಿಕಲ್ಪನೆ ಬಂತು. ಒಂದರ ಜೊತೆ ಇನ್ನೊಂದು ಮತ್ತೆ ಮತ್ತೆ ಕಾಣಿಸಿಕೊಂಡರೆ ಎರಡೂ ಮನಸ್ಸಿನಲ್ಲಿ ಬೆಸೆದುಕೊಳ್ಳುತ್ತವೆ.

ಇದನ್ನು ಮನುಷ್ಯರಿಗೆ ಅನ್ವಯಿಸಿದವನು ಅಮೆರಿಕದ ಜಾನ್ ಬಿ. ವಾಟ್ಸನ್. 1920ರಲ್ಲಿ ಅವನೂ ರೊಸಾಲಿ ರೇನರ್‌ಳೂ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 11 ತಿಂಗಳ ಕೂಸೊಂದರ ಮುಂದೆ ಬಿಳಿ ಇಲಿಯನ್ನು ಬಿಡಲಾಯಿತು. ಕೂಸು ಇಲಿಯನ್ನು ಮುಟ್ಟಲು ಕೈಚಾಚಿದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು ಕಿವಿ ಗಡಚಿಕ್ಕುವ ಸದ್ದು ಮಾಡಿದರು. ಕೆಲವು ದಿನಗಳಲ್ಲಿ ಕೂಸು ಬರೀ ಇಲಿಯನ್ನು ಕಂಡರೇ ಅಳತೊಡಗಿತು. ಆಮೇಲೆ ಮೊಲ, ನಾಯಿ, ತುಪ್ಪಳದ ಕೋಟಿಗೂ ಹೆದರಿತು. ಆ ಭಯವನ್ನು ಬಿಡಿಸುವ ಕೆಲಸವನ್ನು ಅವರು ಮಾಡಲೇ ಇಲ್ಲ. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಕ್ರೂರ ಪ್ರಯೋಗವದು. ಅದಕ್ಕೆ ಉತ್ತರವೆಂಬಂತೆ 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿನಿಸು ಕೊಡುತ್ತಾ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದು, ಕೊನೆಗೆ ಅವನು ಅದನ್ನು ಸವರುವಂತೆ ಮಾಡಿದಳು. ಹೀಗೆ ಕಲಿತ ಭಯವನ್ನು ಮರೆಸಲೂ ಬಹುದೆಂದು ತೋರಿಸಿದ ಈ ಪ್ರಯೋಗ ಮುಂದಿನ ವರ್ತನಾ ಚಿಕಿತ್ಸೆಗೆ ತಳಪಾಯವಾಯಿತು.

ಇನ್ನೊಂದು ಧಾರೆ ಸಂಬಂಧಗಳತ್ತ ನೋಡಿತು. ಇತರರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆಂದು ಊಹಿಸಿಕೊಂಡು ನಮ್ಮನ್ನು ನಾವು ಅಳೆಯುತ್ತೇವೆ ಎಂದು ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಬರೆದ. ಜಾರ್ಜ್ ಹರ್ಬರ್ಟ್ ಮೀಡ್ ಅದನ್ನು ಮುಂದುವರಿಸಿದ. ಮಗು ಅಮ್ಮನಾಟ, ಮೇಷ್ಟ್ರಾಟ ಆಡುತ್ತಾ ಇತರರ ಪಾತ್ರದಲ್ಲಿ ನಿಂತು ತನ್ನನ್ನು ನೋಡಿಕೊಳ್ಳಲು ಕಲಿಯುತ್ತದೆ. ಬರಬರುತ್ತಾ ಇಡೀ ಸಮಾಜದ ಕಣ್ಣು ಅದರೊಳಗೇ ನೆಲೆಸುತ್ತದೆ. ‘ಜನ ಏನಂದಾರು’ ಎಂಬ ನಮ್ಮ ನಿತ್ಯದ ಅಳುಕು ಮೀಡ್‌ನ ಸಿದ್ಧಾಂತಕ್ಕೆ ಸರಿಯಾದ ನಿದರ್ಶನ.

ಅಸ್ಮಿತೆಯನ್ನು ಮನೋವಿಜ್ಞಾನದ ನಡುಮನೆಗೆ ತಂದವನು ಎರಿಕ್ ಎರಿಕ್ಸನ್ (1902–1994). ಅವನ ಬದುಕೇ ಈ ಪ್ರಶ್ನೆಯಿಂದ ಕೂಡಿತ್ತು. ಡೆನ್ಮಾರ್ಕ್ ಮೂಲದ ಯೆಹೂದಿ ತಾಯಿಗೆ ಜರ್ಮನಿಯಲ್ಲಿ ಹುಟ್ಟಿದ ಅವನಿಗೆ ಹೆತ್ತ ತಂದೆ ಯಾರೆಂದು ತಿಳಿಯಲೇ ಇಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದ. ಹೊಂಬಣ್ಣದ ಕೂದಲು, ನೀಲಿ ಕಣ್ಣುಗಳ ಹುಡುಗನನ್ನು ಯೆಹೂದಿ ಮಂದಿರದಲ್ಲಿ ಹೊರಗಿನವನೆಂದೂ ಶಾಲೆಯಲ್ಲಿ ಯೆಹೂದಿಯೆಂದೂ ಹಂಗಿಸುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿನ ಪ್ರಜೆಯಾದಾಗ ಎರಿಕ್ಸನ್ ಎಂಬ ಹೆಸರನ್ನು ತಾನೇ ಇಟ್ಟುಕೊಂಡ. ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತಗಳ ಬೆಳವಣಿಗೆಯನ್ನು ಅವನು 1950ರ ತನ್ನ ಕೃತಿಯಲ್ಲಿ ವಿವರಿಸಿದ. ಅದರಲ್ಲಿ ಹದಿಹರೆಯದ ಕೆಲಸವೆಂದರೆ ಬಾಲ್ಯದಲ್ಲಿ ಪಡೆದದ್ದನ್ನೆಲ್ಲ ಸೋಸಿ ತನ್ನದೆಂಬ ಒಂದು ರೂಪ ಕೊಡುವುದು. 1966ರಲ್ಲಿ ಜೇಮ್ಸ್ ಮಾರ್ಸಿಯ ಈ ಹಂತದಲ್ಲಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದ: ಹುಡುಕಾಟವೂ ನಿಲುವೂ ಇಲ್ಲದಿರುವುದು, ಹುಡುಕದೆಯೇ ಹಿರಿಯರ ನಿಲುವನ್ನು ಒಪ್ಪಿಕೊಳ್ಳುವುದು, ಹುಡುಕಾಟದ ನಡುವೆ ಇರುವುದು, ಹುಡುಕಿ ಒಂದು ನಿಲುವಿಗೆ ಬರುವುದು. ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಮಗ ಎಂಜಿನಿಯರೋ ಡಾಕ್ಟರೋ ಎಂದು ಮನೆಯಲ್ಲಿ ತೀರ್ಮಾನವಾಗಿಬಿಡುವ ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಎರಡನೆಯ ಗುಂಪಿಗೆ ಸೇರುತ್ತಾರೆ.

ಶೈಶವ: ಕಿವಿಯಿಂದ ಆರಂಭ

ಪಾಲನೆ ಹುಟ್ಟಿಗಿಂತ ಮೊದಲೇ ಶುರುವಾಗುತ್ತದೆ. ಹುಟ್ಟಿದ ಕೂಸು ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. 2009ರ ಒಂದು ಅಧ್ಯಯನದಲ್ಲಿ ಫ್ರೆಂಚ್ ತಾಯಂದಿರ ನವಜಾತ ಶಿಶುಗಳ ಅಳು ಏರುವ ಧಾಟಿಯಲ್ಲೂ ಜರ್ಮನ್ ತಾಯಂದಿರ ಶಿಶುಗಳ ಅಳು ಇಳಿಯುವ ಧಾಟಿಯಲ್ಲೂ ಇರುವುದು ಕಂಡುಬಂತು. ಎರಡೂ ಆಯಾ ಭಾಷೆಯ ಮಾತಿನ ಧಾಟಿಗಳೇ.

ಕನ್ನಡಿಗರಿಗೆ ಇನ್ನೂ ಹತ್ತಿರವಾದ ಪ್ರಯೋಗ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ್ದು. ಅವರು ಕೆನಡಾದ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಹೆಚ್ಚಿನ ಕೂಸುಗಳು ವ್ಯತ್ಯಾಸವನ್ನು ಸುಲಭವಾಗಿ ಗುರುತಿಸಿದವು. ಹತ್ತು–ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಹಿಂದಿ ಕೇಳಿ ಬೆಳೆದ ಕೂಸುಗಳಲ್ಲಿ ಮಾತ್ರ ಆ ಶಕ್ತಿ ಉಳಿದಿತ್ತು. ‘ತಾಳ’ ಮತ್ತು ‘ಟಾಳ’ ಒಂದೇ ಅಲ್ಲವೆಂದು ನಮಗೆ ಸಲೀಸಾಗಿ ಕೇಳುವುದು ನಮ್ಮ ಕಿವಿಯ ಹಿರಿಮೆಯಲ್ಲ. ಮೊದಲ ವರ್ಷದಲ್ಲಿ ಸುತ್ತಲಿನವರು ಆಡಿದ ಮಾತಿನ ಫಲ. ಲೋಕದ ಎಲ್ಲ ಧ್ವನಿಗಳಿಗೂ ತೆರೆದಿದ್ದ ಕಿವಿ ತನ್ನವರ ಧ್ವನಿಗಳಿಗೆ ಹೊಂದಿಕೊಳ್ಳುತ್ತಾ ಉಳಿದವನ್ನು ಕೈಬಿಡುತ್ತದೆ. ಅಸ್ಮಿತೆ ರೂಪುಗೊಳ್ಳುವ ಕ್ರಮವೂ ಬಹುಮಟ್ಟಿಗೆ ಹೀಗೆಯೇ: ಕೆಲವನ್ನು ಪಡೆಯುವುದರ ಜೊತೆಗೆ ಹಲವನ್ನು ಬಿಡುವುದು.

ಸುಮಾರು 18ರಿಂದ 24 ತಿಂಗಳ ನಡುವೆ, ಮೂಗಿಗೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದರೆ, ಅನೇಕ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ಈ ಅರಿವು ಕಾಣಿಸಿಕೊಳ್ಳುವ ವಯಸ್ಸೂ ಪಾಲನೆಯ ರೀತಿಯೊಡನೆ ಸ್ವಲ್ಪ ಬದಲಾಗುತ್ತದೆಂದು ಜರ್ಮನಿಯ ಮಕ್ಕಳನ್ನೂ ಕ್ಯಾಮರೂನಿನ ಹಳ್ಳಿಗಳ ಮಕ್ಕಳನ್ನೂ ಹೋಲಿಸಿದ ಹೈಡಿ ಕೆಲ್ಲರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ತನ್ನನ್ನು ಎತ್ತಿ ಆಡಿಸುವವರ ಮೇಲೆ ಕೂಸು ಇಡುವ ನಂಬಿಕೆ ಮುಂದಿನ ಆತ್ಮವಿಶ್ವಾಸಕ್ಕೆ ಅಡಿಪಾಯವೆಂದು ಜಾನ್ ಬೋಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ಪ್ರತಿಪಾದಿಸಿದರು. ಐನ್ಸ್‌ವರ್ತ್ ಮೊದಲು ತಾಯಿ–ಮಗುವಿನ ಬಾಂಧವ್ಯವನ್ನು ಗಮನವಿಟ್ಟು ನೋಡಿದ್ದು ಉಗಾಂಡದ ಹಳ್ಳಿಗಳಲ್ಲಿ.

ಮನೆ ಮತ್ತು ಮನೆಮಾತು

ಒಂದೇ ಮನೆಯಲ್ಲಿ ಮೂರು ಲೋಕಗಳಿರಬಹುದು ಎಂಬುದಕ್ಕೆ ಎ. ಕೆ. ರಾಮಾನುಜನ್ (1929–1993) ಸಾಕ್ಷಿ. ಮೈಸೂರಿನ ಅವರ ಮನೆಯಲ್ಲಿ ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯೊಡನೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯೊಡನೆ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ. ತಂದೆ ಖಗೋಳ ವಿಜ್ಞಾನವನ್ನೂ ಜ್ಯೋತಿಷ್ಯವನ್ನೂ ಒಟ್ಟಿಗೆ ಇಟ್ಟುಕೊಂಡಿದ್ದದ್ದು ಹದಿಹರೆಯದ ಮಗನಿಗೆ ಒಗಟಾಗಿ ಕಾಡಿತ್ತು. ಮುಂದೆ, 1989ರಲ್ಲಿ, ಭಾರತೀಯ ಚಿಂತನೆಯ ಸ್ವರೂಪ ಕುರಿತು ಅವರು ಬರೆದ ಪ್ರಬಂಧ ಈ ಒಗಟಿನಿಂದಲೇ ಹೊರಡುತ್ತದೆ: ಸಂದರ್ಭಕ್ಕೆ ತಕ್ಕಂತೆ ನಿಯಮ ಬದಲಾಗುವ ಲೋಕದಲ್ಲಿ ಬೆಳೆದವರ ‘ನಾನು’ ಕೂಡ ಸಂದರ್ಭಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ.

ಸುಧೀರ್ ಕಕ್ಕರ್ 1978ರ ತಮ್ಮ ಕೃತಿಯಲ್ಲಿ ಭಾರತೀಯ ಗಂಡುಮಗುವಿನ ಬಾಲ್ಯವನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡಿದರು. ನಾಲ್ಕೈದು ವರ್ಷ ತಾಯಿಯ ಸೆರಗಿನಲ್ಲಿ ಬೆಳೆದ ಮಗು ಆಮೇಲೆ ತಟ್ಟನೆ ಗಂಡಸರ ಶಿಸ್ತಿನ ಲೋಕಕ್ಕೆ ಬೀಳುವುದು ಅವರಿಗೆ ಎರಡನೆಯ ಹುಟ್ಟಿನಂತೆ ಕಂಡಿತು. ಆ ಚಿತ್ರ ಹೆಚ್ಚಾಗಿ ಮೇಲ್ಜಾತಿಯ ಹಿಂದೂ ಕುಟುಂಬಗಳದ್ದು ಎಂಬ ಟೀಕೆ ಬಂದಿದೆ. ಅದು ಸರಿಯಾದ ಟೀಕೆಯೇ. 1991ರಲ್ಲಿ ಹೇಜೆಲ್ ಮಾರ್ಕಸ್ ಮತ್ತು ಶಿನೊಬು ಕಿಟಯಾಮ ಅಮೆರಿಕದವರ ‘ನಾನು’ ಬಿಡಿಯಾಗಿ ನಿಲ್ಲುವಂಥದ್ದು, ಜಪಾನಿನವರ ‘ನಾನು’ ಸಂಬಂಧಗಳಲ್ಲಿ ಹೆಣೆದುಕೊಂಡದ್ದು ಎಂದು ವಿವರಿಸಿದರು. ತನ್ನ ಪರಿಚಯ ಹೇಳುವಾಗ ಸ್ವಭಾವವನ್ನು ಮುಂದಿಡಬೇಕೋ ಸಂಬಂಧವನ್ನು ಮುಂದಿಡಬೇಕೋ ಎಂಬುದನ್ನು ಮಗು ಮನೆಯ ಮಾತುಕತೆಯಿಂದಲೇ ಕಲಿಯುತ್ತದೆ.

ಪಾಲನೆಯ ಶೈಲಿಗಳನ್ನು ಡಯಾನ ಬಾಮ್‌ರಿಂಡ್ 1960ರ ದಶಕದಲ್ಲಿ ಮೂರಾಗಿ ವಿಂಗಡಿಸಿದಳು: ಹೇಳಿದಂತೆ ಕೇಳಬೇಕೆನ್ನುವ ದಂಡನೆಯ ಶೈಲಿ, ಎಲ್ಲಕ್ಕೂ ಹೂಂ ಎನ್ನುವ ಸಲಿಗೆಯ ಶೈಲಿ, ಪ್ರೀತಿಯ ಜೊತೆಗೆ ಮಿತಿಗಳನ್ನೂ ಅವುಗಳ ಕಾರಣವನ್ನೂ ಹೇಳುವ ಶೈಲಿ. ನಿರ್ಲಕ್ಷ್ಯದ ಶೈಲಿಯನ್ನು ಮುಂದೆ ಬಂದ ವಿದ್ವಾಂಸರು ನಾಲ್ಕನೆಯದಾಗಿ ಸೇರಿಸಿದರು. ಕಾರಣ ಕೇಳಲು ಅವಕಾಶವಿದ್ದ ಮನೆಯ ಮಕ್ಕಳು ಮುಂದೆ ತಮ್ಮ ನಿಲುವನ್ನು ತಾವೇ ಹುಡುಕಿಕೊಳ್ಳಲು ಹೆಚ್ಚು ಧೈರ್ಯ ತೋರುತ್ತಾರೆ.

ಹೆಣ್ಣು, ಗಂಡು ಎಂಬ ಪಾಠ

1976ರಲ್ಲಿ ಜಾನ್ ಮತ್ತು ಸ್ಯಾಂಡ್ರಾ ಕಾಂಡ್ರಿ ಒಂಬತ್ತು ತಿಂಗಳ ಒಂದೇ ಕೂಸಿನ ಒಂದೇ ವಿಡಿಯೊವನ್ನು ಹಲವರಿಗೆ ತೋರಿಸಿದರು. ಪೆಟ್ಟಿಗೆಯಿಂದ ಗೊಂಬೆಯೊಂದು ಚಿಮ್ಮಿದಾಗ ಕೂಸು ಅಳುತ್ತದೆ. ಅದು ಗಂಡೆಂದು ಹೇಳಿದಾಗ ನೋಡಿದವರಿಗೆ ಆ ಅಳುವಿನಲ್ಲಿ ಹೆಚ್ಚಾಗಿ ಸಿಟ್ಟು ಕಂಡಿತು; ಹೆಣ್ಣೆಂದು ಹೇಳಿದಾಗ ಭಯ ಕಂಡಿತು. ಭಯಪಟ್ಟ ಮಗುವನ್ನು ಎತ್ತಿ ತಟ್ಟುತ್ತೇವೆ, ಸಿಟ್ಟಾದ ಮಗುವಿಗೆ ಜಾಗ ಬಿಡುತ್ತೇವೆ. ಹೀಗೆ ನಮ್ಮ ನಿರೀಕ್ಷೆ ಮಗುವಿನ ಅನುಭವವಾಗುತ್ತದೆ. ‘ಹೆಣ್ಣುಮಕ್ಕಳು ಹಾಗೆ ಗಹಗಹಿಸಿ ನಗಬಾರದು’, ‘ಗಂಡುಹುಡುಗ ಅಳ್ತಾನೇನೋ?’ ಎಂಬ ಎರಡು ಮಾತುಗಳನ್ನು ಸಾವಿರ ಸಲ ಕೇಳಿ ಬೆಳೆದ ಅಕ್ಕ–ತಮ್ಮಂದಿರು ಒಂದೇ ಮನೆಯಿಂದ ಇಬ್ಬರು ಬೇರೆ ಬೇರೆ ಜನರಾಗಿ ಹೊರಬರುತ್ತಾರೆ.

ಇಷ್ಟಾದರೂ ಪಾಲನೆ ಎಲ್ಲವನ್ನೂ ಮಾಡಲಾರದು ಎಂಬುದಕ್ಕೆ ಕಹಿಯಾದ ಸಾಕ್ಷ್ಯ ಇದೇ ಕ್ಷೇತ್ರದಲ್ಲಿದೆ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಅವಳಿ ಗಂಡುಮಕ್ಕಳಲ್ಲಿ ಒಂದು ಕೂಸಿಗೆ ಶಸ್ತ್ರಕ್ರಿಯೆಯ ಅವಘಡದಿಂದ ಜನನಾಂಗ ನಷ್ಟವಾಯಿತು. ಲಿಂಗಭಾವ ಪೂರ್ತಿಯಾಗಿ ಪಾಲನೆಯಿಂದ ಬರುತ್ತದೆಂದು ನಂಬಿದ್ದ ಮನೋವಿಜ್ಞಾನಿ ಜಾನ್ ಮನಿಯ ಸಲಹೆಯಂತೆ ಆ ಮಗುವನ್ನು ಹೆಣ್ಣಾಗಿ ಬೆಳೆಸಲಾಯಿತು. ಮನಿ ಇದನ್ನು ಯಶಸ್ಸೆಂದು ವರ್ಷಗಟ್ಟಲೆ ಸಾರಿದ. ಆದರೆ ಮಗು ಎಂದೂ ಆ ಪಾತ್ರಕ್ಕೆ ಒಗ್ಗಲಿಲ್ಲ. ಹದಿಹರೆಯದಲ್ಲಿ ಸತ್ಯ ತಿಳಿದ ಮೇಲೆ ಗಂಡಾಗಿ ಬದುಕಲು ನಿರ್ಧರಿಸಿತು. ಆ ವ್ಯಕ್ತಿ 2004ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಇದೇ ಮಾತಿಗೆ ಇನ್ನೊಂದು ಸಾಕ್ಷಿಯೆಂಬಂತೆ, ಗಂಡೆಂದೇ ಬೆಳೆಸಿದ ಮನೆಯಿಂದ ಹೊರಬಿದ್ದು ಜೋಗತಿ ಪರಂಪರೆಯಲ್ಲಿ ತಮ್ಮ ನೆಲೆ ಕಂಡ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ತನ್ನ ಲಿಂಗಭಾವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆಯೆಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿದೆ.

ಜಾತಿ, ವರ್ಣ ಮತ್ತು ಗಾಯ

ಕೀಳರಿಮೆಯನ್ನು ಮಗುವಿಗೆ ಹೇಗೆ ಕಲಿಸಲಾಗುತ್ತದೆ ಎಂಬುದನ್ನು ಅಂಬೇಡ್ಕರ್ ತಮ್ಮ ಆತ್ಮಕಥನಾತ್ಮಕ ಬರಹ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ದಾಖಲಿಸಿದ್ದಾರೆ. ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಉಳಿದವರೊಡನೆ ಕೂರುವಂತಿರಲಿಲ್ಲ. ಕೂರಲು ಗೋಣಿತಟ್ಟನ್ನು ಮನೆಯಿಂದ ತಂದು ಸಂಜೆ ಮತ್ತೆ ಮನೆಗೆ ಒಯ್ಯಬೇಕಿತ್ತು. ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ನಲ್ಲಿಯನ್ನು ತಾನೇ ತಿರುಗಿಸುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಈ ಶಾಲೆಯಲ್ಲಿ ‘ನೀನು ಕೀಳು’ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬಾಯಾರಿಕೆಯೇ ಪಾಠವಾಗಿತ್ತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಕೃತಿಗಳು ಕನ್ನಡದಲ್ಲಿ ಇಂಥ ಬಾಲ್ಯದ ಒಳನೋಟ ಕೊಟ್ಟಿವೆ.

ಈ ಪಾಠದ ಪರಿಣಾಮವನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅಳೆದರು. 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಹುಡುಗರು ಸರಿಸುಮಾರು ಒಂದೇ ಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಓದಿದಾಗ ಕೆಳಜಾತಿಯ ಹುಡುಗರ ಸಾಧನೆ ಗಣನೀಯವಾಗಿ ಕುಸಿಯಿತು. ಬುದ್ಧಿ ಅದೇ, ಒಗಟು ಅದೇ. ಬದಲಾದದ್ದು ನೆನಪಿಸಿದ ಗುರುತೊಂದೇ.

ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ಬಗೆಯ ಗೊಂಬೆಗಳನ್ನು ಇಟ್ಟರು. ಒಳ್ಳೆಯ ಗೊಂಬೆ ಯಾವುದು ಎಂದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಕೆಟ್ಟದ್ದು ಯಾವುದು ಎಂದಾಗ ಕಂದು ಗೊಂಬೆಯನ್ನು ತೋರಿಸಿದರು. ಕೊನೆಯ ಪ್ರಶ್ನೆ ‘ನಿನ್ನಂತಿರುವ ಗೊಂಬೆ ಯಾವುದು?’ ಎಂದು. ಕೆಲವು ಮಕ್ಕಳು ಅದಕ್ಕೆ ಅತ್ತುಬಿಟ್ಟರು. ಶಾಲೆಗಳಲ್ಲಿ ವರ್ಣಭೇದವನ್ನು ಕಾನೂನುಬಾಹಿರಗೊಳಿಸಿದ 1954ರ ಬ್ರೌನ್ ಮೊಕದ್ದಮೆಯ ತೀರ್ಪಿನಲ್ಲಿ ಕೆನೆತ್ ಕ್ಲಾರ್ಕ್‌ರ ಬರಹದ ಉಲ್ಲೇಖವಿದೆ.

‘ನಮ್ಮೋರು’ ಎಂಬ ಭಾವ ಹುಟ್ಟಲು ಶತಮಾನಗಳ ಚರಿತ್ರೆಯೇ ಬೇಕೆಂದಿಲ್ಲ. ಕುಟುಂಬದವರನ್ನು ನಾಜಿ ನರಮೇಧದಲ್ಲಿ ಕಳೆದುಕೊಂಡ ಪೋಲೆಂಡಿನ ಯೆಹೂದಿ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಶಾಲಾ ಹುಡುಗರನ್ನು ಅರ್ಥವಿಲ್ಲದ ನೆಪಗಳ ಮೇಲೆ ಎರಡು ಗುಂಪು ಮಾಡಿದ. ಇಂಥ ಚಿತ್ರಕಾರನನ್ನು ಇಷ್ಟಪಟ್ಟವರು ಎಂಬಷ್ಟೇ ಗುರುತಿಗೆ ಹುಡುಗರು ತಮ್ಮ ಗುಂಪಿಗೆ ಹೆಚ್ಚು ಹಣ ಹಂಚಿದರು, ಯಾರು ಯಾರೆಂದು ಮುಖ ಕೂಡ ಕಾಣದೆ. ಇಷ್ಟು ಬೇಗ ಮೊಳೆಯುವ ಭಾವಕ್ಕೆ ಹುಟ್ಟಿದಂದಿನಿಂದ ಕಥೆ, ಹಬ್ಬ, ಊಟ, ಮದುವೆಗಳ ಗೊಬ್ಬರ ಬಿದ್ದರೆ ಅದು ಎಷ್ಟು ಆಳಕ್ಕೆ ಇಳಿದೀತೆಂದು ಊಹಿಸಬಹುದು.

ಪ್ರಭುತ್ವದ ಪಾಲನೆ

ಪಾಲನೆಯ ಬಲವನ್ನು ಚೆನ್ನಾಗಿ ಅರಿತ ಪ್ರಭುತ್ವಗಳು ಅದನ್ನು ಆಯುಧವಾಗಿಯೂ ಬಳಸಿವೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1879ರಲ್ಲಿ ತೆರೆದ ಕಾರ್ಲೈಲ್ ವಸತಿಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಇಂಗ್ಲಿಷ್ ಹೆಸರಿಟ್ಟು, ತಾಯ್ನುಡಿಯನ್ನು ನಿಷೇಧಿಸಲಾಯಿತು. ಕೆನಡಾದಲ್ಲಿ ಇಂಥ ಶಾಲೆಗಳಿಗೆ ಸುಮಾರು 1,50,000 ಮಕ್ಕಳನ್ನು ಕಳಿಸಲಾಯಿತು. ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಆಸ್ಟ್ರೇಲಿಯದ ಸರ್ಕಾರ ಮೂಲನಿವಾಸಿ ಕುಟುಂಬಗಳಿಂದ ಕಸಿದುಕೊಂಡ ಮಕ್ಕಳ ತಲೆಮಾರುಗಳ ಕ್ಷಮೆಯನ್ನು 2008ರಲ್ಲಿ ಸಂಸತ್ತಿನಲ್ಲಿ ಕೋರಿತು.

ಭಾರತದಲ್ಲಿ ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಕಳ್ಳರೆಂದು ಘೋಷಿಸಿತು. ಮುಂದಿನ ತಿದ್ದುಪಡಿಗಳು ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಲೂ ಅವಕಾಶ ಕೊಟ್ಟವು. ಹುಬ್ಬಳ್ಳಿ, ಗದಗ–ಬೆಟಗೇರಿಗಳಲ್ಲಿ ಈ ಸಮುದಾಯಗಳನ್ನು ಬೇಲಿಯೊಳಗೆ ಇರಿಸಿದ ಜಾಗಗಳನ್ನು ಜನ ಈಗಲೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಹಾಜರಿ ಹಾಕಲು ಸಾಲಿನಲ್ಲಿ ನಿಲ್ಲುತ್ತಿದ್ದ ಅಪ್ಪನನ್ನು ನೋಡಿ ಬೆಳೆದ ಮಕ್ಕಳ ಮನಸ್ಸಿನಿಂದ ಆ ಹಣೆಪಟ್ಟಿ ಒಂದು ಸರ್ಕಾರಿ ಆದೇಶದಿಂದ ಅಳಿಯುವಂಥದ್ದಲ್ಲ.

ಪಾಲನೆಯೇ ಸಮುದಾಯವೊಂದನ್ನು ಉಳಿಸಿದ ನಿದರ್ಶನವೂ ಕರ್ನಾಟಕದಲ್ಲಿದೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟಿಯನ್ನರ ಮಕ್ಕಳು, ಮೊಮ್ಮಕ್ಕಳು ಟಿಬೆಟನ್ನು ಕಣ್ಣಾರೆ ಕಂಡವರಲ್ಲ. ಅಂಗಡಿಯಲ್ಲಿ ಕನ್ನಡ ಮಾತಾಡುತ್ತಾರೆ, ಮನೆಯಲ್ಲೂ ಶಾಲೆಯಲ್ಲೂ ಟಿಬೆಟಿ ಕಲಿಯುತ್ತಾರೆ, ಲೋಸಾರ್ ಹಬ್ಬ ಆಚರಿಸುತ್ತಾರೆ. ಕಾಣದ ನಾಡೊಂದು ಅವರ ಎದೆಯಲ್ಲಿ ಜೀವಂತವಾಗಿರುವುದು ಹಿರಿಯರು ಹಟ ಹಿಡಿದು ಕಲಿಸಿದ್ದರಿಂದ. ಯಲ್ಲಾಪುರ, ಹಳಿಯಾಳದ ಸಿದ್ದಿಗಳದ್ದು ಬೇರೆಯೇ ಕಥೆ. ಆಫ್ರಿಕದಿಂದ ಬಂದ ಪೂರ್ವಿಕರ ಭಾಷೆ ಅವರಲ್ಲಿ ಉಳಿದಿಲ್ಲ. ಕೊಂಕಣಿ, ಕನ್ನಡ ಆಡುತ್ತಾ, ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳಲ್ಲಿ ಹಂಚಿಕೊಂಡು, ಡಮಾಮಿ ಕುಣಿತದ ತಾಳದಲ್ಲಿ ಒಂದಾಗಿದ್ದಾರೆ. ಮುಖ ನೋಡಿ ‘ಯಾವ ದೇಶದವರು?’ ಎಂದು ಕೇಳುವವರಿಗೆ ಅವರು ಕೊಡುವುದು ಅಚ್ಚ ಉತ್ತರ ಕನ್ನಡದ ಉತ್ತರವನ್ನೇ.

ಹುಟ್ಟುಗುಣವೋ ಸಹವಾಸವೋ

ಕನ್ನಡದ ಗಾದೆಗಳು ಈ ಚರ್ಚೆಯ ಮೂರೂ ಪಕ್ಷಗಳನ್ನು ಹಿಡಿದಿಟ್ಟಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಅನುವಂಶೀಯತೆಯ ಪಕ್ಷ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಪಾಲನೆಯ ಪಕ್ಷ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬುದು ಒಡನಾಡಿಗಳ ಪಕ್ಷ. ವಿಜ್ಞಾನ ಮೂರಕ್ಕೂ ಪುರಾವೆ ಕಂಡಿದೆ.

ಥಾಮಸ್ ಬೂಶಾರ್ 1979ರಲ್ಲಿ ಮಿನ್ನೆಸೋಟದಲ್ಲಿ ಆರಂಭಿಸಿದ ಅಧ್ಯಯನ, ಎಳವೆಯಲ್ಲೇ ಬೇರ್ಪಟ್ಟು ಬೆಳೆದ ಅವಳಿಗಳನ್ನು ಹುಡುಕಿ ಪರೀಕ್ಷಿಸಿತು. ಬುದ್ಧಿಶಕ್ತಿ, ಸ್ವಭಾವಗಳಲ್ಲಿ ಅವರ ಹೋಲಿಕೆ ಬೆರಗು ಹುಟ್ಟಿಸುವಷ್ಟಿತ್ತು. ಅವರಲ್ಲಿ ಟ್ರಿನಿಡಾಡಿನಲ್ಲಿ 1933ರಲ್ಲಿ ಹುಟ್ಟಿದ ಜೋಡಿಯೊಂದಿತ್ತು. ಒಬ್ಬ ತಂದೆಯೊಡನೆ ಅಲ್ಲೇ ಯೆಹೂದಿಯಾಗಿ ಬೆಳೆದ; ಇನ್ನೊಬ್ಬ ತಾಯಿಯೊಡನೆ ಜರ್ಮನಿಗೆ ಹೋಗಿ ಕ್ಯಾಥೊಲಿಕನಾಗಿ, ನಾಜಿ ಕಾಲದ ಬಾಲಕರ ದಳದಲ್ಲಿ ಬೆಳೆದ. ನಡುವಯಸ್ಸಿನಲ್ಲಿ ಸಂಶೋಧಕರ ಮುಂದೆ ಇಬ್ಬರೂ ಒಂದೇ ಬಗೆಯ ಮೀಸೆ, ಕನ್ನಡಕ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡುಗಳೊಂದಿಗೆ ಬಂದಿಳಿದರು. ಸ್ವಭಾವ, ಚಾಳಿಗಳು ಹುಟ್ಟಿನಿಂದ ಬಂದಿದ್ದಿರಬಹುದು. ಯಾರನ್ನು ತನ್ನವರೆಂದು, ಯಾರನ್ನು ಶತ್ರುವೆಂದು ನಂಬಬೇಕು ಎಂಬುದನ್ನು ಮಾತ್ರ ಇಬ್ಬರಿಗೂ ಅವರವರ ನೆಲವೇ ಕಲಿಸಿತ್ತು.

ಜುಡಿತ್ ರಿಚ್ ಹ್ಯಾರಿಸ್ 1998ರಲ್ಲಿ ಪ್ರಕಟಿಸಿದ ಪುಸ್ತಕ ತಂದೆತಾಯಿಯರಿಗಿಂತ ಓರಗೆಯವರೇ ಮಕ್ಕಳನ್ನು ರೂಪಿಸುತ್ತಾರೆಂದು ವಾದಿಸಿತು. ವಲಸಿಗರ ಮಕ್ಕಳು ಮನೆಯವರ ಉಚ್ಚಾರಣೆಯನ್ನು ಬಿಟ್ಟು ಗೆಳೆಯರ ಉಚ್ಚಾರಣೆಯನ್ನು ಹಿಡಿಯುತ್ತಾರೆ ಎಂಬುದು ಅವಳ ಬಲವಾದ ಸಾಕ್ಷ್ಯ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ನ್ಯೂಜೆರ್ಸಿಯಲ್ಲೂ ನೋಡಬಹುದು, ಜಯನಗರದಲ್ಲೂ ನೋಡಬಹುದು. ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದ ಕನ್ನಡ ತರಗತಿ ನಡೆಸುವುದು ಮಕ್ಕಳಿಗೆ ಕನ್ನಡ ಆಡುವ ಓರಗೆಯವರನ್ನು ಒದಗಿಸಲೂ ಹೌದು.

ಆರಂಭದ ಆರೈಕೆಗೆ ಮಾತ್ರ ಬದಲಿಯಿಲ್ಲ. ರೊಮೇನಿಯದಲ್ಲಿ ಚೌಷೆಸ್ಕು ಆಡಳಿತ 1989ರಲ್ಲಿ ಕುಸಿದಾಗ ಅಲ್ಲಿನ ಅನಾಥಾಲಯಗಳಲ್ಲಿ ಎತ್ತಿಕೊಳ್ಳುವ ಕೈಗಳಿಲ್ಲದೆ ಬೆಳೆದ ಅಪಾರ ಸಂಖ್ಯೆಯ ಮಕ್ಕಳಿದ್ದರು. 2000ದಲ್ಲಿ ಆರಂಭವಾದ ಬುಕಾರೆಸ್ಟ್ ಅಧ್ಯಯನ ಅಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಿ ಬೆಳವಣಿಗೆಯನ್ನು ಗಮನಿಸಿತು. ಸಾಕುಮನೆ ಸೇರಿದವರು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಸೇರಿದವರು ಹೆಚ್ಚು ಚೇತರಿಸಿಕೊಂಡರು. ತೋಳ ಸಾಕಿದ ಮಕ್ಕಳೆಂದು ನಮ್ಮ ಹಳೆಯ ಪಠ್ಯಗಳು ಹೇಳುತ್ತಿದ್ದ ಮಿಡ್ನಾಪುರದ ಅಮಲಾ–ಕಮಲಾ ಕಥೆಯನ್ನು ವಿದ್ವಾಂಸರು ಇಂದು ನಂಬುವುದಿಲ್ಲ. ಆ ಕಥೆ ಹೇಳಹೊರಟಿದ್ದ ಸತ್ಯವನ್ನು ಬುಕಾರೆಸ್ಟಿನ ಮಕ್ಕಳು ದೃಢಪಡಿಸಿದ್ದಾರೆ.

ಮರಳಿ ರೂಪಿಸಿಕೊಳ್ಳುವುದು

ಬೆಳೆಸಿದ ಕೈಗಳ ಋಣ ಹುಟ್ಟಿಗಿಂತ ದೊಡ್ಡದೆಂದು ತೋರಿದವನು ಮಹಾಭಾರತದ ಕರ್ಣ. ಕೃಷ್ಣ ಜನ್ಮರಹಸ್ಯವನ್ನು ಹೇಳಿ ರಾಜ್ಯವನ್ನೇ ಮುಂದಿಟ್ಟರೂ ಅವನು ರಾಧೆ–ಅಧಿರಥರ ಮಗನಾಗಿಯೇ ಉಳಿಯುತ್ತಾನೆ. ಪಂಪ ತನ್ನ 941ರ ಕಾವ್ಯದಲ್ಲಿ ಅರ್ಜುನನನ್ನು ನಾಯಕನಾಗಿಸಿಯೂ ಕರ್ಣನಿಗೆ ಅಷ್ಟು ಗೌರವ ಕೊಟ್ಟದ್ದು ಸುಮ್ಮನೆ ಅಲ್ಲ.

ಬೆಳೆಸಿದ ರೀತಿಯನ್ನೇ ಪ್ರಶ್ನಿಸಿ ಹೊರಬಂದವರ ಪರಂಪರೆಯೂ ಕನ್ನಡದಲ್ಲಿ ದೊಡ್ಡದು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಬಸವಣ್ಣ ಆ ಹುಟ್ಟಿನ ಹಿರಿಮೆಯನ್ನು ಬಿಟ್ಟು ತನ್ನನ್ನು ಮಾದಾರ ಚೆನ್ನಯ್ಯನ ಮನೆಯವನೆಂದು ಹೇಳಿಕೊಂಡ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ತಮ್ಮ ಕಾಯಕದ ಹೆಸರನ್ನು ಮುಚ್ಚಿಡಲಿಲ್ಲ. ಅವಮಾನದ ಗುರುತಾಗಿದ್ದುದನ್ನು ಗೌರವದ ಗುರುತಾಗಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದಾಗ ಲಕ್ಷಾಂತರ ಜನ ಹುಟ್ಟಿನಿಂದ ಬಂದ ಗುರುತನ್ನು ಕಳಚಿ ಆಯ್ದುಕೊಂಡ ಗುರುತನ್ನು ತೊಟ್ಟರು. ಪ್ರತಿ ಮಗುವೂ ಹುಟ್ಟುವಾಗ ವಿಶ್ವಮಾನವ, ಬೆಳೆಸುವ ನಾವು ಜಾತಿ ಮತಗಳಿಂದ ಕಟ್ಟಿ ಅಲ್ಪಮಾನವನಾಗಿ ಮಾಡುತ್ತೇವೆ, ಅವನನ್ನು ಮತ್ತೆ ವಿಶ್ವಮಾನವನಾಗಿಸುವುದು ಶಿಕ್ಷಣದ ಕೆಲಸ ಎಂಬುದು ಕುವೆಂಪು ಅವರ ಸಂದೇಶದ ಸಾರ. ಅವರ ಜನ್ಮದಿನವಾದ ಡಿಸೆಂಬರ್ 29ನ್ನು ಕರ್ನಾಟಕ ವಿಶ್ವಮಾನವ ದಿನವಾಗಿ ಆಚರಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ತಲೆಮಾರು ಹೋರಾಡಿ ಆಯ್ದುಕೊಂಡದ್ದು ಮುಂದಿನ ತಲೆಮಾರಿಗೆ ಹುಟ್ಟಿನಿಂದಲೇ ಬರುತ್ತದೆ. ಶರಣರು ಅರಿತು ಧರಿಸಿದ ಇಷ್ಟಲಿಂಗವನ್ನು ಇಂದು ತೊಟ್ಟಿಲ ಕೂಸಿಗೆ ಕಟ್ಟುತ್ತಾರೆ. ನಾಗಪುರದಲ್ಲಿ ದೀಕ್ಷೆ ಪಡೆದವರ ಮೊಮ್ಮಕ್ಕಳು ಹುಟ್ಟಿನಿಂದಲೇ ಬೌದ್ಧರು. ಆಯ್ಕೆ ಹೀಗೆ ಮತ್ತೆ ಪಾಲನೆಯಾಗುವುದನ್ನು ತಪ್ಪಿಸಲು ಬರುವುದಿಲ್ಲ. ಆದ್ದರಿಂದ ಪ್ರತಿ ತಲೆಮಾರೂ ತಾನು ಪಡೆದದ್ದನ್ನು ತಾನೇ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಮಕ್ಕಳನ್ನು ಬೆಳೆಸುವವರಿಗೆ

ಅಸ್ಮಿತೆಯನ್ನೇ ಕೊಡದೆ ಮಗುವನ್ನು ಬೆಳೆಸಲು ಯಾರಿಂದಲೂ ಆಗದು. ಭಾಷೆಯಿಲ್ಲದೆ ಮಾತು ಕಲಿಸಲಾಗದು, ಒಂದು ಮನೆಯಿಲ್ಲದೆ ಲೋಕವನ್ನು ತೋರಿಸಲಾಗದು. ಏನೂ ಕೊಡದೆ ‘ದೊಡ್ಡವನಾದ ಮೇಲೆ ನೀನೇ ಆರಿಸಿಕೋ’ ಎಂದರೆ ಮಗುವಿಗೆ ಆರಿಸಲು ಬೇಕಾದ ನೆಲೆಯೇ ಇರುವುದಿಲ್ಲ. ಬೆಳೆಸುವವರ ಕೈಯಲ್ಲಿರುವುದು ಕೊಡುವ ರೀತಿ. ಹಬ್ಬವನ್ನು ಕಲಿಸುವಾಗ ಪಕ್ಕದ ಮನೆಯ ಹಬ್ಬದ ಮೇಲೆ ತಾತ್ಸಾರ ಕಲಿಸಬೇಕಾಗಿಲ್ಲ. ಮನೆತನದ ಹೆಮ್ಮೆ ಹೇಳುವಾಗ ಇನ್ನೊಬ್ಬರ ಲೋಟ ಬೇರೆ ಇಡಬೇಕಾಗಿಲ್ಲ. ‘ನಾವು ಯಾಕೆ ಹೀಗೆ ಮಾಡ್ತೀವಿ?’ ಎಂದು ಮಗು ಕೇಳಿದಾಗ ‘ಹಾಗೆಲ್ಲ ಕೇಳಬಾರದು’ ಎಂದು ಬಾಯಿ ಮುಚ್ಚಿಸದೆ, ಗೊತ್ತಿದ್ದಷ್ಟು ಕಾರಣವನ್ನು ಹೇಳುವುದು, ಕಾರಣ ಇಲ್ಲದಿದ್ದರೆ ಇಲ್ಲವೆಂದು ಒಪ್ಪುವುದು ಸಾಧ್ಯ. ಹಾಗೆ ಬೆಳೆದ ಮಗುವಿಗೆ ತನ್ನ ಬೇರೂ ಗೊತ್ತಿರುತ್ತದೆ, ಆ ಬೇರನ್ನು ಯಾರು ನೆಟ್ಟರೆಂಬುದೂ ಗೊತ್ತಿರುತ್ತದೆ. ಕಲಿತದ್ದನ್ನು ಕಲಿತದ್ದೆಂದು ಗುರುತಿಸಬಲ್ಲವರು ಅದರಲ್ಲಿ ಒಳ್ಳೆಯದನ್ನು ಉಳಿಸಿಕೊಂಡು, ಅನ್ಯಾಯವಾದುದನ್ನು ತಮ್ಮ ಮಕ್ಕಳಿಗೆ ದಾಟಿಸದೆ ನಿಲ್ಲಿಸಬಲ್ಲರು.